ಸ್ಕೇಲ್ ಎಲ್ಲ ಬರುತ್ತದೆ, ಜಾಜ್ ಬರುತ್ತಿಲ್ಲ. ಯಾವ ಟ್ಯೂನ್‌ನಿಂದ ಶುರು ಮಾಡಲಿ?

ತಂತಿ_ಮೈಸೂರು

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಪುರುಸೊತ್ತು ಇದ್ದವರು ಓದಿ.

ಗಿಟಾರ್ ನುಡಿಸುತ್ತೇನೆ. ಚಿಕ್ಕವನಿದ್ದಾಗ ಕರ್ನಾಟಕ ಸಂಗೀತದ ಪಾಠಕ್ಕೆ ಹಾಕಿದ್ದರು, ಒಂದೆರಡು ವರ್ಣದ ತನಕ ಬಂದು ನಿಂತಿತು. ಆಮೇಲೆ ಆರ್ಕೆಸ್ಟ್ರಾ. ಗಣೇಶನ ಹಬ್ಬ, ಮದುವೆ ರಿಸೆಪ್ಷನ್, ರಾಜ್ಯೋತ್ಸವ, ಎಲ್ಲ ಕಡೆ ಸಿನಿಮಾ ಹಾಡಿಗೆ ಕಾರ್ಡ್ ಹಿಡಿದಿದ್ದೇನೆ. ಹಾಗಾಗಿ ಕೈ ಓಡುತ್ತದೆ, ಅದರ ಚಿಂತೆ ಇಲ್ಲ.

ಈಗ ಜಾಜ್ ಹುಚ್ಚು ಹಿಡಿದಿದೆ. ದುಡ್ಡು ಕೊಟ್ಟು ಒಂದು ಆನ್‌ಲೈನ್ ಕೋರ್ಸ್ ತಗೊಂಡೆ. ಡೋರಿಯನ್, ಮಿಕ್ಸೋಲಿಡಿಯನ್, ಆಲ್ಟರ್ಡ್, ಡಿಮಿನಿಶ್ಡ್, ಎಲ್ಲ ಸ್ಕೇಲೂ ಕುತ್ತಿಗೆ ಪೂರ್ತಿ ಬಾಯಿಪಾಠ ಆಗಿದೆ. ಯಾವ ಕಾರ್ಡ್‌ಗೆ ಯಾವ ಸ್ಕೇಲ್ ಅಂತ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಬ್ಯಾಕಿಂಗ್ ಟ್ರ್ಯಾಕ್ ಹಾಕಿ ಕೂತರೆ ಮೆಜೆಸ್ಟಿಕ್‌ನಲ್ಲಿ ಕಂಡಕ್ಟರ್ ಊರುಗಳ ಹೆಸರು ಕೂಗಿದ ಹಾಗೆ ಕೇಳಿಸುತ್ತದೆ. ಎಲ್ಲ ಊರೂ ಬರುತ್ತದೆ, ಬಸ್ ಮಾತ್ರ ಹೊರಡುವುದಿಲ್ಲ.

ಒಬ್ಬರು ಮೈಲ್ಸ್ ಡೇವಿಸ್‌ರ ‘ಸೋ ವಾಟ್’ ಸುಲಭ, ಎರಡೇ ಕಾರ್ಡ್, ಅದರಿಂದ ಶುರು ಮಾಡಿ ಅಂದರು. ಡೋರಿಯನ್ ಅಂದರೆ ನಮ್ಮ ಖರಹರಪ್ರಿಯ ತಾನೇ ಅಂತ ಖುಷಿಯಾಗಿ ನುಡಿಸಿದೆ. ರೆಕಾರ್ಡ್ ಮಾಡಿ ಕೇಳಿದರೆ ಸುಮ್ನೆ ಖರಹರಪ್ರಿಯ ಆಲಾಪನೆ, ಹಿಂದೆ ಯಾರೋ ಡ್ರಮ್ಸ್ ಬಾರಿಸುತ್ತಿದ್ದಾರೆ ಅಷ್ಟೇ.

ನೆಟ್‌ನಲ್ಲಿ ನೋಡಿದರೆ ‘ಕಲಿಯಲೇಬೇಕಾದ 100 ಟ್ಯೂನ್’ ಥರದ ಪಟ್ಟಿಗಳು. ನೂರರಲ್ಲಿ ಯಾವುದು ಮೊದಲು ಅಂತ ಯಾರೂ ಹೇಳುವುದಿಲ್ಲ. ಯಾವ ಟ್ಯೂನ್, ಯಾರ ರೆಕಾರ್ಡಿಂಗ್, ಅದನ್ನು ಇಟ್ಟುಕೊಂಡು ಏನು ಮಾಡಬೇಕು? ಥಿಯರಿ ಮುಂದುವರಿಸಲಾ, ಪಕ್ಕಕ್ಕೆ ಇಡಲಾ?

ಹಳೇ_ರೆಕಾರ್ಡ್

ಪಟ್ಟಿ ಮುಚ್ಚಿಡಿ ಸರ್. ಒಂದೇ ಟ್ಯೂನ್ ತಗೊಳ್ಳಿ, ‘ಆಟಮ್ ಲೀವ್ಸ್’. ಎಲ್ಲರೂ ಇದನ್ನೇ ಹೇಳುತ್ತಾರೆ, ಕೇಳಿ ಕೇಳಿ ಬೇಜಾರು ಬಂದಿರಬಹುದು. ಆದರೂ ಹೇಳುತ್ತೇನೆ, ಯಾಕೆಂದರೆ ಅದರ ಮಟ್ಟಿನೊಳಗೇ ಪಾಠ ಇದೆ.

1945ರಲ್ಲಿ ಜೋಸೆಫ್ ಕೋಸ್ಮಾ ಪ್ಯಾರಿಸ್‌ನಲ್ಲಿ ಮಾಡಿದ ಟ್ಯೂನ್ ಇದು, ಇಂಗ್ಲಿಷ್ ಸಾಹಿತ್ಯ ಆಮೇಲೆ ಜಾನಿ ಮರ್ಸರ್ ಬರೆದದ್ದು. ಮೊದಲು ನ್ಯಾಟ್ ಕಿಂಗ್ ಕೋಲ್ ಹಾಡಿರುವುದನ್ನು ಕೇಳಿ, ಮಟ್ಟು ಮಾತಿನ ಜೊತೆ ಕಿವಿಯಲ್ಲಿ ಕೂರಲಿ. ಕೆಲಸ ಮಾಡುತ್ತಾ ಗುನುಗುವಷ್ಟು ಆದ ಮೇಲೆ ಗಿಟಾರ್ ಮುಟ್ಟಿ, ಅದಕ್ಕೆ ಮೊದಲು ಬೇಡ. ಪುಸ್ತಕ ನೋಡದೆ ಜಿ ಮೈನರ್‌ನಲ್ಲಿ ಹುಡುಕಿಕೊಂಡು ನುಡಿಸಿ. ವರ್ಣ ಹಾಡಿದವರು ನೀವು, ಕಿವಿ ಇದೆ, ಒಂದು ಸಂಜೆಯ ಕೆಲಸ.

ಈಗ ಗಮನಿಸಿ. ಮೊದಲ ಎಂಟು ಬಾರ್‌ನಲ್ಲಿ (ಒಂದು ಬಾರ್ ಅಂದರೆ ನಾಲ್ಕು ಎಣಿಕೆ) ಮೂರು ಮೂರು ಸಣ್ಣ ಸ್ವರ ಮೇಲೆ ಹತ್ತಿ ಒಂದು ಉದ್ದ ಸ್ವರದ ಮೇಲೆ ನಿಲ್ಲುತ್ತದೆ, ಅಲ್ವಾ? ಆ ಉದ್ದ ಸ್ವರಗಳನ್ನಷ್ಟೇ ಬರೆದುಕೊಳ್ಳಿ. ಇ ಫ್ಲಾಟ್, ಡಿ, ಸಿ, ಬಿ ಫ್ಲಾಟ್. ಮೆಟ್ಟಿಲು ಇಳಿದ ಹಾಗೆ ಬರುತ್ತದೆ. ಅವುಗಳ ಕೆಳಗೆ ಯಾವ ಕಾರ್ಡ್ ಇದೆ ನೋಡಿ: ಸಿ ಮೈನರ್ ಸೆವೆನ್, ಬಿ ಫ್ಲಾಟ್ ಮೇಜರ್ ಸೆವೆನ್, ಎ ಹಾಫ್ ಡಿಮಿನಿಶ್ಡ್, ಜಿ ಮೈನರ್. ನಾಲ್ಕೂ ಕಡೆ ಮಟ್ಟು ನಿಂತಿರುವುದು ಆ ಕಾರ್ಡ್‌ನ ಮೂರನೇ ಸ್ವರದ ಮೇಲೆ, ಅಂದರೆ ಥರ್ಡ್ ಮೇಲೆ. ಕಾರ್ಡ್ ಮೇಜರಾ ಮೈನರಾ ಅಂತ ಹೇಳುವ ಸ್ವರ ಅದೇ. ಹಿಂದೆ ಯಾರೂ ಕಾರ್ಡ್ ಬಾರಿಸದಿದ್ದರೂ ಬರೀ ಮಟ್ಟಿನಲ್ಲೇ ಕಾರ್ಡ್ ಬದಲಾದದ್ದು ಕೇಳಿಸುತ್ತದಲ್ಲ, ಅದಕ್ಕೇ. ನಿಮ್ಮ ಸ್ಕೇಲ್ ಓಟದಲ್ಲಿ ಇಲ್ಲದಿರುವುದು ಇದು. ಕೈ ಓಡುತ್ತದೆ, ಕಾರ್ಡ್ ಬದಲಾಗುವ ಜಾಗದಲ್ಲಿ ಸರಿಯಾದ ಸ್ವರದ ಮೇಲೆ ಇಳಿಯುವುದಿಲ್ಲ.

ಆಮೇಲೆ ಕಾರ್ಡ್. ಆರ್ಕೆಸ್ಟ್ರಾದಲ್ಲಿ ಆರೂ ತಂತಿ ಹಿಡಿಯುವ ಅಭ್ಯಾಸ ಇರುತ್ತದೆ, ಅದನ್ನು ಇಲ್ಲಿ ಬಿಡಿ. ಮೂರೇ ತಂತಿ ಸಾಕು. ಸಿ ಮೈನರ್ ಸೆವೆನ್‌ಗೆ ಆರನೇ, ನಾಲ್ಕನೇ, ಮೂರನೇ ತಂತಿ, ಮೂರೂ ಎಂಟನೇ ಫ್ರೆಟ್. ಎಫ್ ಸೆವೆನ್‌ಗೆ ಬೇಸ್ (ಕಾರ್ಡ್‌ನ ಅತಿ ಕೆಳಗಿನ ಸ್ವರ) ಐದನೇ ತಂತಿ ಎಂಟನೇ ಫ್ರೆಟ್‌ಗೆ ಬರುತ್ತದೆ, ನಾಲ್ಕನೇ ತಂತಿ ಎಂಟರಿಂದ ಏಳಕ್ಕೆ ಇಳಿಯುತ್ತದೆ, ಮೂರನೇ ತಂತಿ ಅಲ್ಲೇ ಇರುತ್ತದೆ. ಬಿ ಫ್ಲಾಟ್ ಮೇಜರ್ ಸೆವೆನ್‌ಗೆ ಬೇಸ್ ಆರನೇ ತಂತಿ ಆರನೇ ಫ್ರೆಟ್, ನಾಲ್ಕನೇ ತಂತಿ ಏಳರಲ್ಲೇ ಉಳಿಯುತ್ತದೆ, ಈಗ ಮೂರನೇ ತಂತಿ ಎಂಟರಿಂದ ಏಳಕ್ಕೆ. ನಿಧಾನಕ್ಕೆ ಬಾರಿಸಿ ಕೇಳಿ. ಬೇಸ್ ಬಿಟ್ಟರೆ ಒಂದು ಸಲಕ್ಕೆ ಒಂದೇ ಬೆರಳು ಅರ್ಧ ಸ್ವರ ಜಾರುತ್ತಿದೆ. ಪುಸ್ತಕದಲ್ಲಿ ಟೂ ಫೈವ್ ಒನ್ (ಸ್ಕೇಲ್‌ನ ಎರಡು, ಐದು, ಒಂದನೇ ಸ್ವರದ ಮೇಲಿನ ಕಾರ್ಡ್ ಸಾಲು) ಅಂತ ಪುಟಗಟ್ಟಲೆ ಓದಿದ್ದೀರಲ್ಲ, ಕೈಯಲ್ಲಿ ಅದು ಇಷ್ಟೇ. ಇದೇ ಜಾರುವಿಕೆ ಮುಂದಿನ ನಾಲ್ಕು ಬಾರ್‌ನಲ್ಲಿ ಜಿ ಮೈನರ್ ಕಡೆಗೆ ಇನ್ನೊಂದು ಸಲ ಬರುತ್ತದೆ. ಮೇಜರ್‌ಗೆ ಒಂದು, ಮೈನರ್‌ಗೆ ಒಂದು. ಪೂರ್ತಿ 32 ಬಾರ್ ಇರುವುದು ಈ ಎರಡು ತುಂಡು ಹಿಂದುಮುಂದಾಗಿ ಬರುವ ಆಟ.

ಇಷ್ಟಾದ ಮೇಲೆ ರೆಕಾರ್ಡಿಂಗ್. 1958ರ ‘ಸಮ್‌ಥಿನ್ ಎಲ್ಸ್’ ಆಲ್ಬಮ್, ಕ್ಯಾನನ್‌ಬಾಲ್ ಆಡರ್ಲಿ ಹೆಸರಲ್ಲಿ ಬಂದದ್ದು. ಟ್ರಂಪೆಟ್ ಮೈಲ್ಸ್ ಡೇವಿಸ್, ಪಿಯಾನೋ ಹ್ಯಾಂಕ್ ಜೋನ್ಸ್, ಬೇಸ್ ಸ್ಯಾಮ್ ಜೋನ್ಸ್, ಡ್ರಮ್ಸ್ ಆರ್ಟ್ ಬ್ಲೇಕಿ. ಮಟ್ಟನ್ನು ಮೈಲ್ಸ್ ಮ್ಯೂಟ್ ಹಾಕಿ ನುಡಿಸುತ್ತಾರೆ, ಆಮೇಲೆ ಕ್ಯಾನನ್‌ಬಾಲ್ ಸೋಲೋ, ಅದಾದ ಮೇಲೆ ಮೈಲ್ಸ್. ಈ ಎರಡು ಸೋಲೋ ಬೆನ್ನಿಗೆ ಬೆನ್ನು ಕೇಳುವುದೇ ಒಂದು ಮಜಾ. ಒಬ್ಬರು ಮಾತು ನಿಲ್ಲಿಸುವುದೇ ಇಲ್ಲ, ಇನ್ನೊಬ್ಬರು ನಾಲ್ಕು ಮಾತಾಡಿ ಸುಮ್ಮನಾಗುತ್ತಾರೆ. ಕಾರ್ಡ್ ಮಾತ್ರ ಅವೇ. ಇದು ಬೇರೂರಿದ ಮೇಲೆ ಬಿಲ್ ಎವನ್ಸ್ ಟ್ರಯೋ 1959ರಲ್ಲಿ ಮಾಡಿದ್ದನ್ನು ಕೇಳಿ. ಅಲ್ಲಿ ಬೇಸ್ ನುಡಿಸುವ ಸ್ಕಾಟ್ ಲಫಾರೋ ಸುಮ್ನೆ ತಾಳ ಹಿಡಿದು ಕೂರುವುದಿಲ್ಲ, ಪಿಯಾನೋಗೆ ಎದುರು ಮಾತಾಡುತ್ತಾರೆ.

ಎರಡು_ಮತ್ತು_ನಾಲ್ಕು

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಗುರು, ಎಲ್ಲರೂ ಸ್ವರದ ಬಗ್ಗೆಯೇ ಮಾತಾಡುತ್ತೀರಿ. ನಾನು ಡ್ರಮ್ಸ್ ನುಡಿಸುವವನು, ಹಾಗಾಗಿ ಒಂದು ಮಾತು. ತಪ್ಪು ಸ್ವರ ಸರಿಯಾದ ಜಾಗದಲ್ಲಿ ಬಿದ್ದರೆ ಜಾಜ್ ಥರ ಕೇಳಿಸುತ್ತದೆ. ಸರಿಯಾದ ಸ್ವರ ತಪ್ಪು ಜಾಗದಲ್ಲಿ ಬಿದ್ದರೆ ಎಕ್ಸರ್ಸೈಸ್ ಥರ ಕೇಳಿಸುತ್ತದೆ. ಪ್ರಶ್ನೆ ಕೇಳಿದವರ ಕಾಯಿಲೆ ಅರ್ಧಕ್ಕರ್ಧ ಇದೇ ಅಂತ ನನ್ನ ಅನುಮಾನ.

ಆದಿ ತಾಳ ಹಾಕಿ ಬೆಳೆದ ಕೈಗೆ ಸಮದ ಮೇಲೆ ಬೀಳುವುದು ಅಭ್ಯಾಸ. ಜಾಜ್‌ನಲ್ಲಿ ಡ್ರಮ್ಮರ್‌ನ ಎಡಗಾಲು ಹೈ ಹ್ಯಾಟ್ ಮುಚ್ಚುವುದು ಎರಡಕ್ಕೆ ಮತ್ತು ನಾಲ್ಕಕ್ಕೆ. ಮೆಟ್ರೊನೋಮ್ ಅರ್ಧ ಸ್ಪೀಡ್‌ಗೆ ಇಡಿ, ಟಿಕ್ ಅನ್ನುವುದನ್ನು ಎರಡು ಮತ್ತು ನಾಲ್ಕು ಅಂದುಕೊಂಡು ಒಂದು ಮೂರನ್ನು ನೀವೇ ಮನಸ್ಸಲ್ಲಿ ತುಂಬಿ. ಮೊದಲ ಕೆಲವು ದಿನ ಟಿಕ್ ಜಾರಿ ಒಂದಕ್ಕೆ ಬಂದುಬಿಡುತ್ತದೆ, ತಲೆ ಕೆಡುತ್ತದೆ. ಬಿಡಬೇಡಿ.

ಸ್ವಿಂಗ್ (ಒಂದು ಸ್ವರ ಉದ್ದ, ಮುಂದಿನದು ಗಿಡ್ಡ ಮಾಡಿ ನುಡಿಸುವ ರೀತಿ) ಅಂದರೆ ತಿಶ್ರ ನಡೆ, ಬೀಟ್‌ಗೆ ಮೂರು, ಅಷ್ಟೇ ಅಂತ ನಮ್ಮವರು ಹೇಳುವುದು ಕೇಳಿದ್ದೇನೆ. ನಿಧಾನದ ಟ್ಯೂನ್‌ಗೆ ಅದು ಹತ್ತಿರ ಬರುತ್ತದೆ, ಸ್ಪೀಡ್ ಏರಿದ ಹಾಗೆ ಆ ಉದ್ದ ಗಿಡ್ಡದ ವ್ಯತ್ಯಾಸ ಕಡಿಮೆಯಾಗುತ್ತಾ ಹೆಚ್ಚುಕಡಿಮೆ ಸಮ ಆಗಿಬಿಡುತ್ತದೆ, ಜೊತೆಗೆ ಒತ್ತು ಎಲ್ಲಿ ಬೀಳುತ್ತದೆ ಅನ್ನುವುದು ಒಬ್ಬೊಬ್ಬರದು ಒಂದೊಂದು ಥರ. ಇದನ್ನು ಲೆಕ್ಕ ಹಾಕಿ ಕಲಿಯಲು ಆಗುವುದಿಲ್ಲ, ಕೇಳಿ ಕಲಿಯಬೇಕು.

ಹಾಗಾಗಿ ನನ್ನ ಪ್ರಕಾರ ಮೊದಲ ಟ್ಯೂನ್ ಬ್ಲೂಸ್ ಆಗಬೇಕು, ‘ಆಟಮ್ ಲೀವ್ಸ್’ ಎರಡನೆಯದು. ಡ್ಯೂಕ್ ಎಲಿಂಗ್ಟನ್‌ರ ‘ಸಿ ಜಾಮ್ ಬ್ಲೂಸ್’ ಕೇಳಿ. ಮಟ್ಟಿನಲ್ಲಿ ಇರುವುದು ಎರಡೇ ಸ್ವರ, ಜಿ ಮತ್ತು ಸಿ. ಎರಡು ಸ್ವರದಲ್ಲಿ ಅದು ಕುಣಿಯುತ್ತದೆ ಅಂದರೆ ಕುಣಿಸುತ್ತಿರುವುದು ಸ್ವರ ಅಲ್ಲ. ಆಸ್ಕರ್ ಪೀಟರ್ಸನ್ ಟ್ರಯೋ 1962ರಲ್ಲಿ ಮಾಡಿದ ‘ನೈಟ್ ಟ್ರೈನ್’ ಆಲ್ಬಮ್‌ನಲ್ಲಿ ಅದೇ ಟ್ಯೂನ್ ಇದೆ, ರೇ ಬ್ರೌನ್ ಬೇಸ್. ಆ ಬೇಸ್‌ಗೆ ಸುಮ್ನೆ ಚಪ್ಪಾಳೆ ಹಾಕಿಕೊಂಡು ಕೂತರೂ ಪಾಠ.

ಮುಂದಿನದು ಹಾಡುವುದು. ನ್ಯೂಯಾರ್ಕ್‌ನಲ್ಲಿ ಲೆನಿ ಟ್ರಿಸ್ಟಾನೋ ಅಂತ ಪಿಯಾನೋ ವಾದಕ ಇದ್ದರು, ಪಾಠ ಹೇಳುವುದರಲ್ಲಿ ಕಟ್ಟುನಿಟ್ಟು. ಶಿಷ್ಯರ ಕೈಲಿ ಸ್ಯಾಕ್ಸ್ ವಾದಕ ಲೆಸ್ಟರ್ ಯಂಗ್ ಸೋಲೋಗಳನ್ನು ರೆಕಾರ್ಡ್ ಜೊತೆ ಹಾಡಿಸುತ್ತಿದ್ದರು. ನುಡಿಸುವುದು ಆಮೇಲೆ, ಮೊದಲು ಬಾಯಲ್ಲಿ ಬರಬೇಕು. ಉಸಿರು ಎಲ್ಲಿ ತಗೊಂಡರು, ಯಾವ ಸ್ವರ ನುಂಗಿದರು, ಬೀಟ್‌ಗಿಂತ ಎಷ್ಟು ಹಿಂದೆ ಎಳೆದರು, ಇವೆಲ್ಲ ಹಾಡಿದರೆ ಮಾತ್ರ ಸಿಗುತ್ತದೆ, ಕಾಗದದಲ್ಲಿ ಸಿಗುವುದಿಲ್ಲ. ಲೆಸ್ಟರ್‌ರ 1936ರ ‘ಶೂ ಶೈನ್ ಬಾಯ್’ ಹಾಕಿ ನೋಡಿ. ಹಳೇ ರೆಕಾರ್ಡಿಂಗ್, ಸದ್ದು ಅಷ್ಟು ಚೆನ್ನಾಗಿಲ್ಲ, ಆದರೆ ಸೋಲೋ ಪೂರ್ತಿ ಒಂದು ಹಾಡಿನ ಹಾಗೆ ಬಾಯಿಗೆ ಬರುತ್ತದೆ.

ಕಪ್ಪುಮನೆ_ಬಿಳಿಮನೆ

ಪಿಯಾನೋ ಕಡೆಯಿಂದ ಸ್ವಲ್ಪ ತಕರಾರು ಇದೆ.

ಥಿಯರಿ ಬಿಟ್ಟುಬಿಡಿ ಅನ್ನುವುದು ಈಗ ಫ್ಯಾಶನ್ ಆಗಿದೆ. ಹಳಬರಿಗೆ ಥಿಯರಿ ಗೊತ್ತಿರಲಿಲ್ಲ, ಎಲ್ಲ ಕಿವಿಯಲ್ಲೇ ಕಲಿತರು ಅಂತ ಕಥೆ ಹೇಳುತ್ತಾರೆ. ಸ್ಯಾಕ್ಸ್ ವಾದಕ ಕೋಲ್ಮನ್ ಹಾಕಿನ್ಸ್ 1939ರಲ್ಲಿ ಮಾಡಿದ ‘ಬಾಡಿ ಆ್ಯಂಡ್ ಸೋಲ್’ ಕೇಳಿ, ಶುರುವಿನ ಕೆಲವು ಬಾರ್ ಬಿಟ್ಟರೆ ಮಟ್ಟು ಹತ್ತಿರಕ್ಕೂ ಬರುವುದಿಲ್ಲ, ಪೂರ್ತಿ ಕಾರ್ಡ್ ಮೇಲೆಯೇ ಕಟ್ಟಿದ್ದು. ಕಾರ್ಡ್ ಒಳಗೆ ಹೊರಗೆ ಗೊತ್ತಿಲ್ಲದವರು ಅದನ್ನು ಮಾಡಲು ಸಾಧ್ಯವೇ ಇಲ್ಲ. ಅವರಿಗೆ ಥಿಯರಿ ಚೆನ್ನಾಗಿ ಗೊತ್ತಿತ್ತು. ಟ್ಯೂನ್‌ನಿಂದ ಬೇರೆ ಮಾಡಿ ಅದನ್ನು ಮಾರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಹಾಗಾಗಿ ತಂತಿಯವರೇ, ಕಲಿತದ್ದು ದಂಡ ಆಗಿಲ್ಲ. ಒಂದೊಂದು ಟ್ಯೂನ್ ಕಲಿತಾಗಲೂ ಅದು ಎಲ್ಲಿ ಕೂರುತ್ತದೆ ಅಂತ ತಾನಾಗಿ ಕಾಣಿಸುತ್ತದೆ.

ರಿಯಲ್ ಬುಕ್, ಅಂದರೆ ಜಾಜ್ ಟ್ಯೂನ್‌ಗಳ ಮಟ್ಟು ಮತ್ತು ಕಾರ್ಡ್ ಇರುವ ಪುಸ್ತಕ, ಅದರ ಬಗ್ಗೆ ಒಂದು ಎಚ್ಚರಿಕೆ. 1970ರ ದಶಕದ ನಡುವಿನಲ್ಲಿ ಬಾಸ್ಟನ್‌ನ ಬರ್ಕ್ಲೀ ಕಾಲೇಜಿನ ಹುಡುಗರು ಕೈಯಲ್ಲಿ ಬರೆದು ಕದ್ದುಮುಚ್ಚಿ ಜೆರಾಕ್ಸ್ ಮಾಡಿ ಹಂಚಿದ ಪುಸ್ತಕ ಅದು. ಹಕ್ಕು ತಗೊಂಡು ಅಧಿಕೃತವಾಗಿ ಬಂದದ್ದು 2004ರಲ್ಲಿ. ಅನುಕೂಲ ಇದೆ, ನನ್ನ ಹತ್ತಿರವೂ ಇದೆ. ಆದರೆ ಹಳೆಯ ಪ್ರತಿಗಳಲ್ಲಿ ತಪ್ಪು ಕಾರ್ಡ್ ಬೇಕಾದಷ್ಟಿವೆ, ಜೊತೆಗೆ ಕಾಗದ ನೋಡಿ ನುಡಿಸುವವರಿಗೆ ಕಾಗದ ತೆಗೆದ ಕೂಡಲೇ ಟ್ಯೂನ್ ಮರೆಯುತ್ತದೆ. ರೆಕಾರ್ಡ್‌ನಿಂದ ತೆಗೆದುಕೊಂಡ ಟ್ಯೂನ್ ಮರೆಯುವುದಿಲ್ಲ.

ಇನ್ನು ಯಾವ ಟ್ಯೂನ್ ಅನ್ನುವುದಕ್ಕೆ. ಬ್ಲೂಸ್ ಒಂದು, ‘ಆಟಮ್ ಲೀವ್ಸ್’ ಒಂದು, ಒಪ್ಪಿದೆ. ಮೂರನೆಯದು ಗರ್ಶ್ವಿನ್‌ರ ‘ಐ ಗಾಟ್ ರಿದಮ್’, 1930ರದ್ದು. ಈ ಒಂದು ಟ್ಯೂನ್‌ನ ಕಾರ್ಡ್ ಕಲಿತರೆ ಒಂದು ಅಂಗಡಿಯಷ್ಟು ಟ್ಯೂನ್ ಬಂದ ಹಾಗೆ. ಎಲಿಂಗ್ಟನ್‌ರ ‘ಕಾಟನ್ ಟೇಲ್’, ಲೆಸ್ಟರ್ ಯಂಗ್‌ರ ‘ಲೆಸ್ಟರ್ ಲೀಪ್ಸ್ ಇನ್’, ಸೋನಿ ರಾಲಿನ್ಸ್‌ರ ‘ಓಲಿಯೋ’, ಇವೆಲ್ಲ ಅದೇ ಕಾರ್ಡ್ ಮೇಲೆ ಹೊಸ ಮಟ್ಟು. ಕಾರ್ಡ್ ಸಾಲಿಗೆ ಕಾಪಿರೈಟ್ ಇಲ್ಲ, ಮಟ್ಟಿಗೆ ಇದೆ. ಹಾಗಾಗಿ ಬೀಬಾಪ್ (1940ರ ದಶಕದ ವೇಗದ ಜಾಜ್) ಕಾಲದವರು ಜನಪ್ರಿಯ ಹಾಡಿನ ಕಾರ್ಡ್ ಇಟ್ಟುಕೊಂಡು ಮೇಲೆ ತಮ್ಮ ಮಟ್ಟು ಕಟ್ಟಿ ತಮ್ಮ ಹೆಸರಲ್ಲೇ ರೆಕಾರ್ಡ್ ಮಾಡಿದರು, ಹಳೇ ಹಾಡಿನವರಿಗೆ ರಾಯಲ್ಟಿ ಕೊಡುವುದು ತಪ್ಪಿತು. ಸ್ಯಾಕ್ಸ್ ವಾದಕ ಚಾರ್ಲಿ ಪಾರ್ಕರ್‌ರ ‘ಕೋ ಕೋ’ ಅನ್ನುವುದು ‘ಚೆರೋಕಿ’ಯ ಕಾರ್ಡ್. ‘ಆರ್ನಿಥಾಲಜಿ’ ಅನ್ನುವುದು ‘ಹೌ ಹೈ ದ ಮೂನ್’. ಒಂದರ ಪಕ್ಕ ಒಂದು ಇಟ್ಟು ಕೇಳಿ, ಹಳೇ ಹಾಡನ್ನು ಬಾಯಲ್ಲಿ ಹಾಡುತ್ತಾ ಪಾರ್ಕರ್ ರೆಕಾರ್ಡ್ ಹಾಕಿ. ಕೂತಲ್ಲೇ ನಗು ಬರುತ್ತದೆ.

ಪಾರ್ಕರ್ ಅಂದಾಗ ನೆನಪಾಯಿತು, 1945ರ ನವೆಂಬರ್ 26ರಂದು ‘ಕೋ ಕೋ’ ಮಾಡಿದ ಅದೇ ಸೆಶನ್‌ನಲ್ಲಿ ‘ನೌ ಈಸ್ ದ ಟೈಮ್’ ಕೂಡ ಮಾಡಿದರು. ಅದು ಎಫ್ ಬ್ಲೂಸ್, ಮಿಡಲ್ ಸ್ಪೀಡ್, ಒಂದು ಸಣ್ಣ ರಿಫ್ ಮತ್ತೆ ಮತ್ತೆ. ಟ್ರಂಪೆಟ್‌ನಲ್ಲಿ 19 ವರ್ಷದ ಮೈಲ್ಸ್. ಬ್ಲೂಸ್ ಬೇಕು ಅಂದರೆ ‘ಸಿ ಜಾಮ್’ ಆದ ಮೇಲೆ ಇದಕ್ಕೆ ಬನ್ನಿ. ‘ಕೋ ಕೋ’ ಸದ್ಯಕ್ಕೆ ಕೇಳಿ ಖುಷಿಪಡಿ ಸಾಕು, ಗಿಟಾರ್ ಪಕ್ಕಕ್ಕಿಡಿ.

ತಂತಿ_ಮೈಸೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ಮೂರು ತಂತಿ ಕಾರ್ಡ್ ನುಡಿಸಿ ನೋಡಿದೆ. ಎಂಟರಿಂದ ಏಳು, ಎಂಟರಿಂದ ಏಳು. ಇದನ್ನು ಕೋರ್ಸ್‌ನಲ್ಲಿ ಯಾರೂ ಹೀಗೆ ತೋರಿಸಿರಲಿಲ್ಲ.

ಈಗ ಹೊಸ ತೊಂದರೆ. ‘ಆಟಮ್ ಲೀವ್ಸ್’ಗೆ ಬಿ ಫ್ಲಾಟ್ ಮೇಜರ್ ಸ್ಕೇಲ್ ಒಂದನ್ನೇ ಇಟ್ಟುಕೊಂಡು, ಕಾರ್ಡ್ ಬದಲಾಗುವಾಗ ಥರ್ಡ್ ಮೇಲೆ ಇಳಿಯಲು ನೋಡುತ್ತಿದ್ದೇನೆ. ಮೊದಲ ನಾಲ್ಕು ಬಾರ್ ಪರವಾಗಿಲ್ಲ, ನಿಜವಾಗಿ ಏನೋ ಹೇಳಿದ ಹಾಗೆ ಇದೆ. ಆರನೇ ಬಾರ್‌ಗೆ ಬಂದಾಗ ಮಾತ್ರ ಪ್ರತಿ ಸಲ ಮುಖ ಕಿವುಚುವ ಹಾಗೆ ಆಗುತ್ತದೆ. ಡಿ ಸೆವೆನ್ ಅಲ್ಲಿ. ಸ್ಕೇಲ್ ಬದಲಿಸಿಲ್ಲ, ಆದರೂ ಯಾಕೆ?

ಇನ್ನೊಂದು. ‘ಸೋ ವಾಟ್’ ಪೂರ್ತಿ ಬಿಟ್ಟುಬಿಡಲಾ?

ಹಳೇ_ರೆಕಾರ್ಡ್

ಸ್ಕೇಲ್ ಬದಲಿಸಿಲ್ಲವಲ್ಲ, ಅದಕ್ಕೇ ಆಗುತ್ತಿರುವುದು.

ನಿಮಗೆ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಹೇಳುತ್ತೇನೆ, ಬೇಗ ಹತ್ತುತ್ತದೆ. ಜಿಯನ್ನು ಷಡ್ಜ ಅಂದುಕೊಳ್ಳಿ. ಬಿ ಫ್ಲಾಟ್ ಮೇಜರ್‌ನ ಸ್ವರಗಳು ಜಿಯಿಂದ ನೋಡಿದರೆ ನಠಭೈರವಿ. ಅಲ್ಲಿ ನಿಷಾದ ಕೈಶಿಕಿ, ಅಂದರೆ ಎಫ್. ಡಿ ಸೆವೆನ್ ಕಾರ್ಡ್‌ನ ಥರ್ಡ್ ಯಾವುದು? ಎಫ್ ಶಾರ್ಪ್. ಅದು ಕಾಕಲಿ ನಿಷಾದ. ಹಿಂದೆ ಪಿಯಾನೋದವರು ಕಾಕಲಿ ನಿಷಾದ ಒತ್ತಿ ಹಿಡಿದಿದ್ದಾರೆ, ನೀವು ಮೇಲೆ ಕೈಶಿಕಿ ನಿಷಾದದ ಮೇಲೆ ಕೂತಿದ್ದೀರಿ. ಆ ಒಂದು ಬಾರ್‌ಗೆ ಕೀರವಾಣಿಗೆ ಬನ್ನಿ. ಒಂದೇ ಸ್ವರದ ಬದಲಾವಣೆ. ಜಿ ಮೈನರ್ ಬಂದ ಕೂಡಲೇ ಬಿ ಫ್ಲಾಟ್ ಮೇಲೆ ಇಳಿಯಿರಿ.

ಕೈಯಲ್ಲೂ ನೋಡಿಕೊಳ್ಳಿ. ಎ ಹಾಫ್ ಡಿಮಿನಿಶ್ಡ್‌ಗೆ ಆರು, ನಾಲ್ಕು, ಮೂರನೇ ತಂತಿ, ಮೂರೂ ಐದನೇ ಫ್ರೆಟ್. ಡಿ ಸೆವೆನ್‌ಗೆ ಬೇಸ್ ಐದನೇ ತಂತಿ ಐದನೇ ಫ್ರೆಟ್, ನಾಲ್ಕನೇ ತಂತಿ ಐದರಿಂದ ನಾಲ್ಕಕ್ಕೆ ಜಾರುತ್ತದೆ. ಆ ನಾಲ್ಕನೇ ಫ್ರೆಟ್‌ನಲ್ಲಿ ಇರುವುದೇ ನಿಮ್ಮ ಎಫ್ ಶಾರ್ಪ್. ಸೋಲೋದಲ್ಲಿ ಬೇರೆ ಏನೂ ಮಾಡದೆ ಐದನೇ ಬಾರ್‌ನಲ್ಲಿ ಜಿ, ಆರನೇ ಬಾರ್‌ನಲ್ಲಿ ಎಫ್ ಶಾರ್ಪ್, ಎರಡೇ ಸ್ವರ ಉದ್ದಕ್ಕೆ ನುಡಿಸಿ ನೋಡಿ. ಇಷ್ಟು ದಿನ ಓಡಿದ ಸ್ಕೇಲ್‌ಗಳಿಗಿಂತ ಜಾಸ್ತಿ ಜಾಜ್ ಅದರಲ್ಲಿ ಕೇಳಿಸುತ್ತದೆ.

‘ಸೋ ವಾಟ್’ ಬಗ್ಗೆ ಬೇರೆಯವರು ಹೇಳಲಿ, ನನಗೆ ಅದು ಶುರುವಿನವರ ಟ್ಯೂನ್ ಅಂತ ಯಾವತ್ತೂ ಅನಿಸಿಲ್ಲ.

ಕುಡ್ಲದ_ಸ್ಯಾಕ್ಸ್

ನಾನು ಹೇಳ್ತೇನೆ ಮಾರಾಯ್ರೆ. ‘ಸೋ ವಾಟ್’ ಸುಲಭ ಅನ್ನುವವರನ್ನು ನಂಬಬೇಡಿ.

ಕಾಗದದಲ್ಲಿ ಎರಡೇ ಕಾರ್ಡ್ ಹೌದು. ಡಿ ಡೋರಿಯನ್ 16 ಬಾರ್, ಇ ಫ್ಲಾಟ್ ಡೋರಿಯನ್ 8, ಮತ್ತೆ ಡಿ 8. ಆದರೆ ಕಾರ್ಡ್ ಬದಲಾಗುತ್ತಾ ಇದ್ದರೆ ಎಲ್ಲಿದ್ದೇನೆ ಅಂತ ಗೊತ್ತಾಗುತ್ತದೆ, ಇಲ್ಲಿ ಗುರುತೇ ಇಲ್ಲ. ಕೊನೆಯ ಎಂಟು ಮುಗಿದು ಮತ್ತೆ ಮೊದಲಿಂದ ಹದಿನಾರು, ಒಟ್ಟು 24 ಬಾರ್ ಒಂದೇ ಕಡೆ. ಲೆಕ್ಕ ತಪ್ಪಿದವರು ಇ ಫ್ಲಾಟ್ ಬಂದಾಗಲೇ ಎಚ್ಚರ ಆಗುವುದು. ಎರಡನೆಯದು, ಕಾರ್ಡ್ ಸಹಾಯಕ್ಕೆ ಇಲ್ಲದ ಕಾರಣ ಹೇಳಲು ಏನಾದರೂ ಇರಲೇಬೇಕು. ಮೈಲ್ಸ್ 1959ರ ‘ಕೈಂಡ್ ಆಫ್ ಬ್ಲೂ’ನಲ್ಲಿ ಅದನ್ನು ಮಾಡುವ ಹೊತ್ತಿಗೆ ಪಾರ್ಕರ್ ಜೊತೆ ಬೀಬಾಪ್ ಅರೆದು ಕುಡಿದಿದ್ದವರು. ಆಮೇಲೆ ಬಿಟ್ಟದ್ದು. ಏನು ಬಿಡುತ್ತಿದ್ದೇನೆ ಅಂತ ಗೊತ್ತಿದ್ದು ಬಿಟ್ಟದ್ದು.

ನಮ್ಮ ಕಡೆ ಸಂಗೀತ ಕಲಿತವರಿಗೆ ಇನ್ನೊಂದು ಸಮಸ್ಯೆ. ನಮ್ಮಲ್ಲಿ ಷಡ್ಜ ಅಲುಗಾಡುವುದಿಲ್ಲ, ತಂಬೂರಿ ಹಾಕಿ ಕೂತರೆ ಮೂರು ಗಂಟೆ ಅದೇ ಷಡ್ಜ. ‘ಸೋ ವಾಟ್’ನಲ್ಲಿ ಒಂದು ಹಂತದಲ್ಲಿ ಖರಹರಪ್ರಿಯ ಷಡ್ಜ ಸಮೇತ ಅರ್ಧ ಸ್ವರ ಮೇಲೆ ಹೋಗುತ್ತದೆ, ಅದನ್ನು ಕಿವಿ ಒಪ್ಪುವುದೇ ಇಲ್ಲ. ಬೇರೆ ಟ್ಯೂನ್‌ಗಳಲ್ಲಿ ಎರಡೆರಡು ಬಾರ್‌ಗೆ ಹೀಗೆ ಆಗುತ್ತದೆ. ಕೆನ್ನಿ ಡೋರಮ್‌ರ ‘ಬ್ಲೂ ಬೊಸ್ಸಾ’ ಇದಕ್ಕೆ ಒಳ್ಳೇ ಮದ್ದು. ಬರೀ 16 ಬಾರ್, ಸಿ ಮೈನರ್‌ನಲ್ಲಿ ಶುರುವಾಗಿ ನಡುವೆ ನಾಲ್ಕು ಬಾರ್ ಡಿ ಫ್ಲಾಟ್ ಮೇಜರ್‌ಗೆ ಹೋಗಿ ವಾಪಸ್. ಜೋ ಹೆಂಡರ್ಸನ್‌ರ ‘ಪೇಜ್ ಒನ್’ ಆಲ್ಬಮ್‌ನಲ್ಲಿದೆ, 1963. ಆ ನಾಲ್ಕು ಬಾರ್‌ನಲ್ಲಿ ಷಡ್ಜ ಬದಲಾದದ್ದು ಹೊಟ್ಟೆಯಲ್ಲಿ ಗೊತ್ತಾಗುವ ತನಕ ಹಾಡಿ, ನುಡಿಸುವುದು ಆಮೇಲೆ.

ಕರ್ನಾಟಕ ಸಂಗೀತ ಮತ್ತು ಜಾಜ್ ಸೇರಿಸಿ ಏನಾದರೂ ಕೇಳಬೇಕು ಅಂದರೆ ನಮ್ಮ ಕದ್ರಿ ಗೋಪಾಲನಾಥರು ರುದ್ರೇಶ್ ಮಹಾಂತಪ್ಪ ಜೊತೆ 2008ರಲ್ಲಿ ಮಾಡಿದ ‘ಕಿನ್ಸ್‌ಮೆನ್’ ಇದೆ. ಎರಡು ಆಲ್ಟೊ ಸ್ಯಾಕ್ಸ್, ಒಂದು ಕುಡ್ಲದ್ದು, ಒಂದು ಅಮೆರಿಕದ್ದು, ಯಾರು ಯಾವಾಗ ನುಡಿಸುತ್ತಿದ್ದಾರೆ ಅಂತ ಗಮಕದಲ್ಲೇ ತಿಳಿಯುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಚಾರ್ಲಿ ಮೇರಿಯಾನೋ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ 1983ರಲ್ಲಿ ಮಾಡಿದ ‘ಜ್ಯೋತಿ’, ಆರ್. ಎ. ರಮಾಮಣಿಯವರ ಹಾಡುಗಾರಿಕೆ. ಎರಡೂ ಚೆಂದ. ಆದರೆ ಜಾಜ್ ಕಲಿಯಲು ಇದರಿಂದ ಶುರು ಮಾಡಬೇಡಿ, ಗೊತ್ತಿರುವ ಕಡೆಗೇ ಕಿವಿ ಓಡುತ್ತದೆ.

ಮತ್ತೆ ಯಾರಾದರೂ ‘ಜಯಂಟ್ ಸ್ಟೆಪ್ಸ್’ ಕಲಿಯಿರಿ ಅಂದರೆ ಫೋನ್ ಇಟ್ಟುಬಿಡಿ, ಕಾರ್ಡ್ ಅಷ್ಟು ವೇಗವಾಗಿ ಬದಲಾಗುತ್ತದೆ. 1959ರಲ್ಲಿ ಸ್ಯಾಕ್ಸ್ ವಾದಕ ಜಾನ್ ಕೋಲ್ಟ್ರೇನ್ ಅದನ್ನು ರೆಕಾರ್ಡ್ ಮಾಡಿದಾಗ ಪಿಯಾನೋದಲ್ಲಿದ್ದದ್ದು ಟಾಮಿ ಫ್ಲನಗನ್, ಸಣ್ಣ ಆಸಾಮಿ ಅಲ್ಲ. ಅವರ ಸೋಲೋ ಕೇಳಿ. ತುಂಡು ತುಂಡಾಗಿ ಕೊನೆಗೆ ಬರೀ ಕಾರ್ಡ್ ಹಿಡಿದು ನಿಲ್ಲುತ್ತಾರೆ. ಅವರೇ 1982ರಲ್ಲಿ ಮತ್ತೆ ಆ ಟ್ಯೂನ್ ರೆಕಾರ್ಡ್ ಮಾಡಿ ನೀರು ಕುಡಿದ ಹಾಗೆ ನುಡಿಸಿದರು, ಅದು ಬೇರೆ ಮಾತು.

ತಂತಿ_ಮೈಸೂರು

ಎಫ್ ಶಾರ್ಪ್ ಕೆಲಸ ಮಾಡಿತು!! ಕೀರವಾಣಿ ಅಂದ ತಕ್ಷಣ ಹೊಳೆಯಿತು.

ಕೊನೆಯ ಪ್ರಶ್ನೆ, ಆಮೇಲೆ ತಲೆ ತಿನ್ನುವುದಿಲ್ಲ. ಮೊದಲ ಸೋಲೋ ಯಾರದ್ದು ಕಲಿಯಲಿ? ಗಿಟಾರ್‌ನವರದ್ದೇ ಆಗಬೇಕಾ? ಬರೆದುಕೊಳ್ಳಬೇಕಾ?

ಎರಡು_ಮತ್ತು_ನಾಲ್ಕು

ಬರೆಯಬೇಡಿ. ಗಿಟಾರ್‌ನ ವೆಸ್ ಮಾಂಟ್ಗೊಮರಿಗೆ ನೊಟೇಶನ್ ಓದಲು ಬರುತ್ತಿರಲಿಲ್ಲ. ಅವರಿಗಿಂತ ಹಿಂದಿನ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್‌ರ ರೆಕಾರ್ಡ್ ಕೇಳಿ ಕೇಳಿ ಸೋಲೋಗಳನ್ನು ಹಾಗೇ ಬೆರಳಿಗೆ ಇಳಿಸಿಕೊಂಡರು, ಊರಿನ ಕ್ಲಬ್‌ನಲ್ಲಿ ಮೊದಲು ಕೆಲಸ ಸಿಕ್ಕಿದ್ದೂ ಆ ಸೋಲೋ ನುಡಿಸುವುದಕ್ಕೇ. ಯೂಟ್ಯೂಬ್‌ನಲ್ಲಿ ಸ್ಪೀಡ್ 0.75ಕ್ಕೆ ಇಡಿ, ಶ್ರುತಿ ಬದಲಾಗುವುದಿಲ್ಲ. ಅವರಿಗೆ ಇಷ್ಟು ಅನುಕೂಲವೂ ಇರಲಿಲ್ಲ.

ಹಳೇ_ರೆಕಾರ್ಡ್

ಗಿಟಾರ್‌ನವರದ್ದೇ ಆಗಬೇಕು ಅಂತಿಲ್ಲ. ‘ಸಮ್‌ಥಿನ್ ಎಲ್ಸ್’ನಲ್ಲಿ ಮೈಲ್ಸ್ ಸೋಲೋ, ಮೊದಲ ಒಂದು ಸುತ್ತು, 32 ಬಾರ್. ನಡುವೆ ಜಾಗ ಜಾಸ್ತಿ ಬಿಡುತ್ತಾರೆ, ಹಾಗಾಗಿ ಹಿಡಿಯಲು ಆಗುತ್ತದೆ. ಟ್ರಂಪೆಟ್‌ಗೆ ಉಸಿರು ಬೇಕಾದ್ದರಿಂದ ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಬರುತ್ತದೆ, ಗಿಟಾರ್‌ನವರಿಗೆ ಅದನ್ನು ಹೇಳಿಕೊಡಲು ಬೇರೆ ದಾರಿ ನನಗೆ ಗೊತ್ತಿಲ್ಲ.

ಹಾಡಿ, ನುಡಿಸಿ, ರೆಕಾರ್ಡ್ ಜೊತೆ ಸೇರಿಸಿ ನುಡಿಸಿ. ಆಮೇಲೆ ಅದರಲ್ಲಿ ಇಷ್ಟವಾದ ಎರಡು ಬಾರ್ ತೆಗೆದು ‘ಬ್ಲೂ ಬೊಸ್ಸಾ’ದಲ್ಲಿ ಹೊಂದುವ ಕಾರ್ಡ್ ಎಲ್ಲಿದೆ ಹುಡುಕಿ. ಗಿಟಾರ್ ಬೇಕೇ ಬೇಕು ಅಂದರೆ ಎರಡನೆಯದಾಗಿ ಕೆನ್ನಿ ಬರೆಲ್‌ರ 1963ರ ‘ಮಿಡ್‌ನೈಟ್ ಬ್ಲೂ’ ಆಲ್ಬಮ್, ಅಲ್ಲಿ ಅವಸರವೇ ಇಲ್ಲ.

ಕಪ್ಪುಮನೆ_ಬಿಳಿಮನೆ

ಬೆಂಗಳೂರಿಗೆ ಬಂದರೆ ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಲ್ಲಿ ಜಾಜ್ ಕಾರ್ಯಕ್ರಮ ಇರುತ್ತದೆ, ಒಮ್ಮೆ ಬನ್ನಿ. ಡ್ರಮ್ಮರ್‌ನ ಎಡಗಾಲು ಕಾಣಿಸುವ ಹಾಗೆ ಕೂತುಕೊಳ್ಳಿ.

ಮೈಲ್ಸ್ ಸೋಲೋ ಒಂದು ಸುತ್ತು ಬಂದ ಮೇಲೆ ಆಡಿಯೋ ಹಾಕಿ ಇಲ್ಲಿ. ಬಿ ಭಾಗದಲ್ಲಿ (ಟ್ಯೂನ್‌ನ ಮೊದಲ 16 ಬಾರ್ ಆದ ಮೇಲೆ ಬರುವ ತುಂಡು) ಕಾರ್ಡ್ ಮೈನರ್ ಕಡೆಯಿಂದ ಶುರುವಾಗುತ್ತದೆ, ಅಲ್ಲಿ ಒಂದು ಸಲ ಜಾರೇ ಜಾರುತ್ತೀರಿ, ಅದನ್ನು ಕಟ್ ಮಾಡದೆ ಹಾಕಿ.